ಒಂಬತ್ತು ಇಪ್ಪತ್ತರ ಮೇಲ್

ಬೆಳಕು ಹರಿಯುವ ಮೊದಲು ಗಂಗಾಲಕ್ಷ್ಮಿ ಮಾಡಬೇಕಾದ ಕೆಲಸಗಳು ಇವು. ಮೂರೂ ಮುಕ್ಕಾಲಿಗೆ ಏಳುವುದು. ಅಲಾರಾಂ ಬೇರೆ ಯಾರ ಕಿವಿಗೂ ಬೀಳದ ಹಾಗೆ ದಿಂಬಿನ ಕೆಳಗೇ ಅದುಮಿ ಆರಿಸುವುದು. ಒಲೆ ಹೊತ್ತಿಸಿ ಹಂಡೆಗೆ ನೀರು ತುಂಬುವುದು. ಅಂಗಳ ಗುಡಿಸಿ, ನೀರು ಚಿಮುಕಿಸಿ, ಎರಡೆಳೆ ರಂಗೋಲಿ ಎಳೆಯುವುದು. ಕೊಟ್ಟಿಗೆ ಬಾಚುವುದು, ಹಸುವಿನ ಹಾಲು ಕರೆದು ಕ್ಯಾನನ್ನು ಬಾಗಿಲ ಪಕ್ಕ ಇಡುವುದು. ಅದನ್ನು ಡೈರಿಗೆ ಒಯ್ಯುವವನು ಗಂಡ ಮುನೇಶ, ಹಾಗಾಗಿ ಊರಿನ ಮಟ್ಟಿಗೆ ಆ ಮನೆಯಲ್ಲಿ ಹಾಲು ಹಾಕುವವನು ಮುನೇಶ. ಮಗಳು ಚಂದನಳ ಡಬ್ಬಿಗೆ ಅಕ್ಕಿ ತೊಳೆದಿಡುವುದು. ಅತ್ತೆಯ ಬಿ.ಪಿ. ಮಾತ್ರೆಯನ್ನು ಲೋಟದ ಪಕ್ಕ, ಕಣ್ಣಿಗೆ ಕಾಣುವ ಹಾಗೆ ಇಡುವುದು. ಹುಳುಮನೆಯ ಪರದೆ ಎತ್ತಿ ರೇಷ್ಮೆಹುಳುಗಳಿಗೆ ಮೊದಲ ಸೊಪ್ಪು ಹಾಕುವುದು. ಆಮೇಲೆ ಹುಳುಮನೆಯ ಬಾಗಿಲಲ್ಲಿ, ಬೋರಲು ಹಾಕಿದ ಟೊಮ್ಯಾಟೊ ಕ್ರೇಟಿನ ಮೇಲೆ ಕೂತು, ಅನಿಲ್‌ಕುಮಾರ್ ಆಗಿ ಎರಡು ಮೇಲ್ ಬರೆಯುವುದು.

ಅನಿಲ್‌ಕುಮಾರ್ ಮುಳಬಾಗಿಲಿನ ಹುಡುಗ. ಮಾಲೂರಿನಲ್ಲಿ ಮುರಳಿಮೋಹನ್ ಎಂಬುವವರ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಸೇಲ್ಸ್ ಕೆಲಸ ಅವನದು. ಬೈಕಿನಲ್ಲಿ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಸುತ್ತಿ, ಪೆಟ್ಟಿಗೆ ಬೇಕಾಗಬಹುದಾದವರನ್ನೆಲ್ಲ ಕಂಡು, ಕಾರ್ಡು ಕೊಟ್ಟು, ಟೀ ಕುಡಿದು ಬರುತ್ತಾನೆ. ಅವರಿಗೆಲ್ಲ ಆಫೀಸಿನಿಂದ ದರಪಟ್ಟಿಯ ಮೇಲ್ ಹೋಗುತ್ತದೆ. ಹತ್ತರಲ್ಲಿ ಒಂಬತ್ತು ಜನ ಉತ್ತರ ಕೊಡುವುದಿಲ್ಲ. ಆ ಒಂಬತ್ತು ಜನ ಗಂಗಾಲಕ್ಷ್ಮಿಯ ಪಾಲು. ಅವರಿಗೆ ಎರಡನೆಯ ಮೇಲ್, ಮೂರನೆಯದು, ನಾಲ್ಕನೆಯದು ಬರೆದು ಬಾಯಿ ಬಿಡಿಸುವುದು ಅವಳ ಕೆಲಸ. ಆಫೀಸಿನವರು ಅದನ್ನು ಫಾಲೋ ಅಪ್ ಅನ್ನುತ್ತಾರೆ.

ಕೋಲಾರದಲ್ಲಿ ಬಿ.ಕಾಂ. ಮುಗಿಸಿದ ಗಂಗಾಲಕ್ಷ್ಮಿ ಅದೇ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಮಾಲು ಕಳಿಸುವ ಟೇಬಲ್ಲಿನಲ್ಲಿ ಕೂತಿದ್ದವಳು. ಹುತ್ತೂರಿನ ಹತ್ತಿರದ ಈ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಹೋಗಿಬರುತ್ತಿದ್ದಳು. ಅತ್ತೆ ಮುನಿಶಾಮಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ದಿನ ಆ ಕೆಲಸ ನಿಂತಿತು. ಮನೆಯಲ್ಲಿ ಯಾರು ಉಳಿಯಬೇಕು ಎಂಬ ಮಾತೇ ಆಗಲಿಲ್ಲ. ಮುನೇಶ ಆಸ್ಪತ್ರೆಯಿಂದ ಬಂದವನು, "ನಾಳೆಯಿಂದ ಬಸ್ಸು ಹಿಡಿಯೋ ಅವಸರ ಇಲ್ಲ ಬಿಡು" ಎಂದ. ಅಷ್ಟೇ. ಎರಡು ವರ್ಷವಾದ ಮೇಲೆ ಮುರಳಿಮೋಹನ್ ತಾನಾಗಿ ಫೋನು ಮಾಡಿ ಈ ಮೇಲ್ ಬರೆಯುವ ಕೆಲಸ ಕೊಟ್ಟರು. ಜೊತೆಗೆ ಎರಡು ಷರತ್ತು.

"ಹೆಸರು ಅನಿಲಂದೇ ಇರ್ಲಿ ಕಣಮ್ಮ. ಮನೇಲಿ ಕೂತು ಹೆಂಗಸೊಬ್ಳು ಬರೀತಾಳೆ ಅಂದ್ರೆ ಪಾರ್ಟಿಗಳಿಗೆ ನಂಬಿಕೆ ಬರಲ್ಲ. ಇನ್ನೊಂದು, ಹೊತ್ತಲ್ಲದ ಹೊತ್ತಲ್ಲಿ ಕಳಿಸಬೇಡ. ಒಂಬತ್ತು ಇಪ್ಪತ್ತಕ್ಕೆ ಹೋಗೋ ಹಂಗೆ ಇಡು. ಆಫೀಸಿಗೆ ಬಂದು, ಟೀ ಕುಡಿದು, ಕೂತು ಬರೆದಂಗೆ ಕಾಣ್ಬೇಕು."

ಮೊಬೈಲಿನಲ್ಲಿ ಅದಕ್ಕೆ ದಾರಿ ಇದೆ. ಈಗ ಬರೆದು ಹೊತ್ತು ಗೊತ್ತುಮಾಡಿ ಇಟ್ಟರೆ, ಆ ಹೊತ್ತಿಗೆ ಅದು ತಾನೇ ಹೋಗುತ್ತದೆ. ಒಂಬತ್ತು ಇಪ್ಪತ್ತಕ್ಕೆ ಗಂಗಾಲಕ್ಷ್ಮಿ ತೋಟದಲ್ಲಿ ಸೊಪ್ಪು ಕೊಯ್ಯುತ್ತಿರುತ್ತಾಳೆ, ಇಲ್ಲವೇ ಬಟ್ಟೆ ಒಗೆಯುತ್ತಿರುತ್ತಾಳೆ. ಅದೇ ಗಳಿಗೆಗೆ ಅವಳು ಬರೆದದ್ದು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಯಾರದೋ ಆಫೀಸಿನ ಬಾಗಿಲು ತಟ್ಟುತ್ತಿರುತ್ತದೆ. ಪ್ರತಿಯೊಂದರ ನಕಲೂ ಮುರಳಿಮೋಹನ್ ಅವರಿಗೆ ಹೋಗುತ್ತದೆ.

ಮೊದಲ ತಿಂಗಳು ಒಬ್ಬರೂ ಉತ್ತರಿಸಲಿಲ್ಲ. 'ನಮ್ಮ ಹಿಂದಿನ ಪತ್ರಕ್ಕೆ ತಾವು ಇನ್ನೂ ಉತ್ತರಿಸಿಲ್ಲ' ಎಂದು ಶುರುಮಾಡುತ್ತಿದ್ದಳು. ಓದಿದರೆ ಅವಳಿಗೇ ಗದರಿದ ಹಾಗೆ ಕೇಳುತ್ತಿತ್ತು. ಮನೆಯಲ್ಲಿ ಅವಳು ದಿನಕ್ಕೆ ಇಪ್ಪತ್ತು ಸಲ ಆಡುವ ಮಾತಿನ ಧಾಟಿಯೇ ಅದು. ಗ್ಯಾಸ್ ಬುಕ್ ಮಾಡಿದ್ರಾ, ಕೊಟ್ಟಿಗೆ ಶೀಟು ತರ್ತೀನಿ ಅಂದಿದ್ರಲ್ಲ, ಚಂದನಳ ಶಾಲೆ ಅರ್ಜಿಗೆ ಸಹಿ ಹಾಕಿದ್ರಾ. ಕೇಳಿಸಿಕೊಂಡವರಿಗೆ ಅದು ಪಿರಿಪಿರಿ. ನೆನಪಿಟ್ಟುಕೊಳ್ಳುವವಳಿಗೆ ಅದು ಕೆಲಸ ಎಂದು ಯಾರಿಗೂ ಹೊಳೆದದ್ದಿಲ್ಲ, ಅವಳಿಗೂ ಇಲ್ಲ, ಮಾಲೂರಿನವರು ಅದಕ್ಕೊಂದು ಹೆಸರಿಟ್ಟು ಸಂಬಳ ಕೊಡುವ ತನಕ.

ಬಾಯಿ ಬಿಡಿಸುವ ವಿದ್ಯೆ ಕಲಿಸಿದವಳು ಅತ್ತೆ. ಒಂದು ಬೆಳೆಗೆ ಮನೆಯ ಸೊಪ್ಪು ಸಾಲದೆ ಪಕ್ಕದ ತೋಟದ ದೊಡ್ಡವೆಂಕಟಪ್ಪನನ್ನು ಕೇಳಿದ್ದರು. ಅವನು "ನೋಡೋಣ" ಎಂದು ಸುಮ್ಮನಾಗಿದ್ದ. ಮೂರು ದಿನ ಬಿಟ್ಟು ಮುನಿಶಾಮಮ್ಮ ಕೋಲೂರಿಕೊಂಡು ಸೊಸೆಯ ಜೊತೆ ಅವನ ಜಗುಲಿಗೆ ಹೋದಳು. ಏನು ತೀರ್ಮಾನ ಮಾಡಿದೆ ಎಂದು ಕೇಳಲೇ ಇಲ್ಲ.

"ಅಣ್ಣಾ, ಬೋರ್‌ವೆಲ್ ಮೂಲೆಯಾಗೆ ನಿನ್ ಸೊಪ್ಪು ಹಳದಿ ತಿರುಗ್ತಾ ಐತೆ, ನೋಡ್ದಾ?"

"ಯಾವಾಗಿಂದ?"

"ಮೂರು ದಿನ ಆಯ್ತೇನೋ. ಇನ್ ನಾಕು ದಿನ ಬಿಟ್ರೆ ಹಸಾನೂ ಮೂಸಲ್ಲ. ಗುರುವಾರ ನಮ್ ಹುಳ ಜ್ವರ ಬಿಟ್ಟು ಎದ್ದು ಮೇವು ಕೇಳ್ತವೆ. ನಿಂಗೆ ಆಗಲ್ಲ ಅಂದ್ರೆ ಹುತ್ತೂರಿಂದ ತರಿಸ್ಕೋತೀನಿ, ಬೇಜಾರೇನಿಲ್ಲ."

"ಹುತ್ತೂರಿಂದ ಯಾಕಮ್ಮ ತರಿಸ್ತೀಯ, ನಾನೇನ್ ಸತ್ತೋಗಿದೀನಾ? ಗುರುವಾರ ಕುಡುಗೋಲು ತಕ್ಕೊಂಡ್ ಬಾ."

ದಾರಿಯಲ್ಲಿ ಮುನಿಶಾಮಮ್ಮ, "ಗಂಡಸರನ್ನ ಎರಡನೇ ಸಲ ಕೇಳ್ಬಾರ್ದು ಕಣೇ. ಎರಡನೇ ಸಲ ಹೋಗಿ ಅವರಿಗೆ ಬೇಕಾಗಿರೋ ಏನಾದ್ರೂ ಹೇಳ್ಬೇಕು" ಎಂದಳು. ಗಂಗಾಲಕ್ಷ್ಮಿ ಮಾರನೆಯ ದಿನವೇ ಆ ಮಾತನ್ನು ಕ್ರೇಟಿನ ಮೇಲೆ ಕೂತು ಬಳಸಿದಳು. ಹಿಂದಿನ ಪತ್ರದ ಸುದ್ದಿ ಎತ್ತಲಿಲ್ಲ. ಮುಳಬಾಗಿಲಿನ ನರ್ಸರಿಯವನಿಗೆ ಸಸಿಯ ಟ್ರೇ ಅಲುಗದಂತೆ ಪೆಟ್ಟಿಗೆಯೊಳಗೆ ಅಡ್ಡರಟ್ಟು ಹಾಕುವ ಉಪಾಯ ಬರೆದಳು. ನಾಲ್ಕೇ ಸಾಲು, ಅತ್ತೆಯ ಗುರುವಾರದ ಹಾಗೆ ಗೊತ್ತಾದ ಒಂದು ದಿನ, ಒಂದು ಪ್ರಶ್ನೆ. ಒಂದು ಮೇಲಿಗೆ ಒಂದೇ ಪ್ರಶ್ನೆ, ಅದೂ ಒಂದು ಮಾತಿನಲ್ಲಿ ಉತ್ತರ ಹೇಳಬಹುದಾದದ್ದು. ಬೇಡವಾದರೆ ಬೇಡ ಎಂದರೂ ಸಾಕು ಎಂಬ ಕೊನೆಯ ಸಾಲು. ಅವನು ಅಂದೇ ಉತ್ತರಿಸಿದ.

ಯಾವಾಗ ಬರೆಯಬೇಕು ಎಂಬುದನ್ನು ಮಾತ್ರ ಹುಳುಗಳಿಂದ ಕಲಿತಳು. ಹುಳು ಬೆಳೆಯುವಾಗ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆ ಎತ್ತಿ, ಮೇವು ಬಿಟ್ಟು, ಅಲುಗದೆ ಒಂದು ದಿನ ಹಾಗೇ ಇರುತ್ತದೆ, ಹಳೆಯ ಚರ್ಮ ಕಳಚುವವರೆಗೆ. ಆಗ ಮುಟ್ಟಬಾರದು, ಸೊಪ್ಪು ಹಾಕಬಾರದು. ಅರ್ಧ ಹುಳು ಎದ್ದವು ಎಂದು ಅವಸರಪಟ್ಟು ಸೊಪ್ಪು ಹಾಕಿದರೆ ಎದ್ದವು ತಿಂದು ಮುಂದೆ ಹೋಗುತ್ತವೆ, ಮಿಕ್ಕವು ಹಿಂದುಳಿದು ಬೆಳೆಯೇ ಏರುಪೇರು. ತಡಮಾಡಿದರೆ ಎದ್ದವು ಹಸಿವಿನಿಂದ ಸೊರಗುತ್ತವೆ. ಮಾತಾಡದವರೆಲ್ಲ ಬೇಡ ಅಂದವರಲ್ಲ ಎಂದು ಅವಳಿಗೆ ಹುಳುಮನೆಯಲ್ಲಿ ಗೊತ್ತಾಯಿತು. ಎರಡನೆಯ ಮೇಲ್ ಮೂರು ದಿನಕ್ಕೆ, ಮೂರನೆಯದು ವಾರಕ್ಕೆ, ಆಮೇಲಿನದು ಇನ್ನೂ ತಡೆದು.

ಈ ವರ್ಷ ಶಿವರಾತ್ರಿಯ ಹೊತ್ತಿಗೆ ಮಾಲೂರಿನ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿಯಾಗುವ ಸುದ್ದಿ ಬಂತು. ಜೂನ್ ಒಂದರಿಂದ ಸೇಲ್ಸ್ ಟೇಬಲ್ಲಿನಲ್ಲಿ ಕೂತು ಪತ್ರ ನೋಡಿಕೊಳ್ಳುವ ಕೆಲಸ. ಮುನಿಶಾಮಮ್ಮ ಈಗ ಕೋಲು ಹಿಡಿದು ಓಡಾಡುತ್ತಾಳೆ, ಚಂದನ ಹೈಸ್ಕೂಲಿನಲ್ಲಿ. ಗಂಗಾಲಕ್ಷ್ಮಿ ಮುರಳಿಮೋಹನ್ ಅವರಿಗೆ ಫೋನು ಮಾಡಿದಳು.

"ಸಾರ್, ಆ ಕುರ್ಚಿ ನಂಗೆ ಕೊಡಿ. ಬಂದು ಕೂತ್ಕೊಂಡು ನನ್ ಹೆಸರಲ್ಲೇ ಬರೀತೀನಿ."

"ಯಲ್ದೂರು ಕದಿರಪ್ಪನ ಆರ್ಡರ್ ತಂದ್ಕೊಡಮ್ಮ ಮೊದ್ಲು, ಆಮೇಲೆ ಕೂತು ಮಾತಾಡೋಣ."

ಯಲ್ದೂರಿನ ಕದಿರಪ್ಪ ಮಾವಿನ ಮಂಡಿಯ ಯಜಮಾನ. ಬಾದಾಮಿ ಹಣ್ಣು ಪೆಟ್ಟಿಗೆಗೆ ತುಂಬಿ ಹೊರಗೆ ಕಳಿಸುವ ದೊಡ್ಡ ಶೆಡ್ಡು ಅವನದು. ಪೆಟ್ಟಿಗೆ ಆಂಧ್ರದ ಕಡೆಯಿಂದ ತರಿಸುತ್ತಿದ್ದ. ಅನಿಲ್ ಐದು ಸಲ ಹೋಗಿ ಐದು ಸಲವೂ ಶೆಡ್ಡಿನ ಗೇಟಿನಿಂದಲೇ ವಾಪಸ್ಸು ಬಂದಿದ್ದ. "ಅಕ್ಕಾ, ಆ ಮನುಷ್ಯ ಮಾತಾಡೋದು ಮಾವಿನ ಮರದ ಜೊತೆ ಮಾತ್ರ" ಎಂದು ನಗುತ್ತಿದ್ದ. ಗಂಗಾಲಕ್ಷ್ಮಿ ಎರಡನೆಯ ಮೇಲಿನಲ್ಲಿ ಹಣ್ಣಿನ ಕಾವು ಹೋಗಲು ಪೆಟ್ಟಿಗೆಯ ಬದಿಗೆ ಎಷ್ಟು ತೂತು ಬೇಕು ಎಂದು ಬರೆದಳು. ಮೂರನೆಯದರಲ್ಲಿ ಮೇ ತಿಂಗಳ ಮಳೆಗೆ ತಳದ ರಟ್ಟು ಮೆತ್ತಗಾಗುವ ವಿಷಯ. ಎರಡೂ ಇಂಗ್ಲಿಷಿನಲ್ಲಿ. ಉತ್ತರವಿಲ್ಲ. ನಾಲ್ಕನೆಯದು ಕೊನೆಯ ಮೇಲ್, ಅದನ್ನು ಕನ್ನಡದಲ್ಲಿ ಬರೆದಳು. 'ಈ ಸಲ ನಿಮಗೆ ನಮ್ಮ ಪೆಟ್ಟಿಗೆ ಬೇಕಾಗಿಲ್ಲವೆಂದು ತಿಳಿದುಕೊಳ್ಳುತ್ತೇನೆ. ಇನ್ನು ತೊಂದರೆ ಕೊಡುವುದಿಲ್ಲ. ಹಣ್ಣಿನ ಕಾಲ ಚೆನ್ನಾಗಿ ನಡೆಯಲಿ.' ಎಂಥ ಕಲ್ಲು ಮನುಷ್ಯನೂ ಇದಕ್ಕೆ ಮಾತಾಡುತ್ತಾನೆ ಎಂದು ಅನುಭವದಿಂದ ಗೊತ್ತಿತ್ತು. ಇನ್ನು ಬರುವುದಿಲ್ಲ ಎಂದು ಹೊರಟವರನ್ನೇ ಜನ ಕೂಗಿ ಕರೆಯುವುದು.

ಮಾರನೆಯ ದಿನ ಅವಳು ಕ್ರೇಟಿನ ಮೇಲೆ ಕೂರುವ ಹೊತ್ತಿಗೆ ಉತ್ತರ ಬಂದಿತ್ತು. 'ನಿಮ್ಮ ಪೆಟ್ಟಿಗೆ ಮಡಿಸಲು ಎಷ್ಟು ಹೊತ್ತು ಬೇಕು? ಗಮ್ ಟೇಪು ಬೇಕಾ? ಇಲ್ಲಿ ಮಡಿಸುವವರಿಗೆ ಈಗಿನ ಪೆಟ್ಟಿಗೆಯಿಂದ ಬೆರಳು ಕುಯ್ಯುತ್ತದೆ. – ಕದಿರಪ್ಪ.'

ಗಂಗಾಲಕ್ಷ್ಮಿ ಎರಡು ಸಲ ಓದಿದಳು. ಮಂಡಿಯ ಯಜಮಾನರು ದರ ಕೇಳುತ್ತಾರೆ, ಸಾಲ ಕೇಳುತ್ತಾರೆ. ಮಡಿಸುವವರ ಬೆರಳಿನ ಬಗ್ಗೆ ಇದುವರೆಗೆ ಒಬ್ಬರೂ ಕೇಳಿರಲಿಲ್ಲ. ಆಮೇಲೆ ಆ ಉತ್ತರದ ತಲೆಯಲ್ಲಿ ನಮೂದಾಗಿದ್ದ ಹೊತ್ತು ನೋಡಿದಳು. ಬೆಳಗಿನ ಜಾವ ನಾಲ್ಕೂ ಹತ್ತು. ಆ ಹೊತ್ತಿನಲ್ಲಿ ಮನೆಯಲ್ಲಿ ಎದ್ದಿರುವವರು ಯಾರು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕದಿರಪ್ಪನ ಹೆಂಡತಿಯೋ ಸೊಸೆಯೋ ಮಗಳೋ, ಯಾರೋ ಒಬ್ಬಳು ಒಲೆಗೆ ಬೆಂಕಿ ಹಾಕಿ, ಅವನ ಹೆಸರಿನ ಕೆಳಗೆ ಕೂತು ಬರೆಯುತ್ತಿದ್ದಾಳೆ.

ಅಟ್ಟದ ಮೇಲಿದ್ದ ಮಾದರಿ ಪೆಟ್ಟಿಗೆ ಇಳಿಸಿ ಗಂಗಾಲಕ್ಷ್ಮಿ ಮಡಿಸಿ ನೋಡಿದಳು. ಮೊದಲು ಬದಿಯ ನಾಲಗೆ ಒಳಕ್ಕೆ, ಆಮೇಲೆ ತಳ. ಹಾಗಾದರೆ ಅಂಚಿಗೆ ಬೆರಳು ತಾಗುವುದಿಲ್ಲ. ಗಡಿಯಾರ ಹಿಡಿದು ಹತ್ತು ಸಲ ಮಡಿಸಿ, ಹಂತಹಂತವಾಗಿ ಫೋಟೊ ತೆಗೆದು, ವಿವರ ಬರೆದು ಕಳಿಸಿದಳು. ಒಂಬತ್ತು ಇಪ್ಪತ್ತಕ್ಕೆ, ಅನಿಲ್‌ಕುಮಾರ್.

ಎರಡು ವಾರದಲ್ಲಿ ಆರ್ಡರ್ ಬಂತು. ಸಹಿ ಹಾಕಿಸಲು ಅನಿಲ್ ಯಲ್ದೂರಿಗೆ ಹೋದ. ಕಾರ್ಖಾನೆಯ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಬಂತು. ಅನಿಲನ ಕೊರಳಲ್ಲಿ ಸುಗಂಧರಾಜದ ಹಾರ, ಪಕ್ಕದಲ್ಲಿ ಮುರಳಿಮೋಹನ್, ಇಬ್ಬರ ನಡುವೆ ಮೈಸೂರು ಪಾಕಿನ ಡಬ್ಬಿ. ಕೆಳಗೆ ನಲವತ್ತು ಹೆಬ್ಬೆರಳು. ಗಂಗಾಲಕ್ಷ್ಮಿಯೂ ಒಂದು ಹೆಬ್ಬೆರಳು ಹಾಕಿದಳು.

ಅಂದೇ ಊಟ ಬಡಿಸುತ್ತಾ ಗಂಡನಿಗೆ ಹೇಳಿದಳು. "ಆ ಕುರ್ಚಿ ಕೊಟ್ರೆ ಜೂನಿಂದ ಮಾಲೂರಿಗೆ ಹೋಗ್ತೀನಿ."

"ನೋಡೋಣ ಬಿಡು. ಹುಳ ಯಾರು ನೋಡ್ಕೋತಾರೆ?"

"ನೀವು."

ಮುನೇಶ ಮನಸಾರೆ ನಕ್ಕ. ಕೋಪದ ನಗೆಯಲ್ಲ, ಒಳ್ಳೆಯ ತಮಾಷೆ ಕೇಳಿದವನ ನಗೆ. "ಲೇ ಗಂಗಾ, ನನ್ ಕೈ ಬಿದ್ರೆ ಹುಳ ಬದುಕಲ್ಲ ಕಣೇ. ನಂಗೆ ಆ ಕೈಗುಣ ಇಲ್ಲ."

"ನಿಮ್ಮಪ್ಪನ ಕೈಗೂ ಆ ಗುಣ ಇರ್ಲಿಲ್ಲ ಕಣೋ" ಎಂದಳು ಮೂಲೆಯಲ್ಲಿ ಕೂತು ಮುದ್ದೆ ಮುರಿಯುತ್ತಿದ್ದ ಮುನಿಶಾಮಮ್ಮ. "ಊಟದ ತಟ್ಟೆ ಮುಂದೆ ಬಂದ್ರೆ ಮಾತ್ರ ಕೈ ಸರಿಹೋಗ್ತಿತ್ತು."

ಅದಕ್ಕೂ ಮುನೇಶ ನಕ್ಕ. ನಕ್ಕವನ ಬಾಯಿಂದ ಹೌದು ಬರಲಿಲ್ಲ, ಇಲ್ಲವೂ ಬರಲಿಲ್ಲ. ಆಮೇಲೆ ಅವಳು ಮತ್ತೆರಡು ಸಲ ಕೇಳಿದಳು. ಎರಡು ಸಲವೂ "ನೋಡೋಣ."

ಮುರಳಿಮೋಹನ್ ಅವರಿಗೆ ಕುರ್ಚಿಯ ಬಗ್ಗೆ ಏಪ್ರಿಲಿನಲ್ಲಿ ಮೊದಲ ಮೇಲ್ ಬರೆದಳು, ತನ್ನದೇ ಹೆಸರಿನಲ್ಲಿ. ಉತ್ತರವಿಲ್ಲ. ತಾನು ಕಲಿತಿದ್ದ ವಿದ್ಯೆಯನ್ನೆಲ್ಲ ಅವರ ಮೇಲೆ ಖರ್ಚು ಮಾಡಿದಳು. ವಾರ ಬಿಟ್ಟು ಎರಡನೆಯದು. ಅದರಲ್ಲಿ ಕುರ್ಚಿಯ ಮಾತಿರಲಿಲ್ಲ, ಮಾತಾಡದೆ ಕೂತಿರುವ ಹನ್ನೆರಡು ಪಾರ್ಟಿಗಳಲ್ಲಿ ಯಾರು ಹತ್ತಿರ ಬಂದಿದ್ದಾರೆ ಎಂಬ ಪಟ್ಟಿ ಇತ್ತು. ಮೂರನೆಯದು ಮೇ ಮೊದಲ ವಾರ. ನಾಲ್ಕು ಸಾಲು, ಒಂದು ದಿನ, ಒಂದು ಪ್ರಶ್ನೆ. ಆ ಪಟ್ಟಿಯನ್ನು ಅವರು ಅನಿಲನಿಗೆ ಕಳಿಸಿದರು ಎಂದು ಆಮೇಲೆ ಗೊತ್ತಾಯಿತು. ಅವಳಿಗೆ ಮಾತ್ರ ಒಂದಕ್ಷರ ಬರಲಿಲ್ಲ. ಪರಿಚಯವೇ ಇಲ್ಲದ ನರ್ಸರಿಯವನು, ಮಂಡಿಯವನು, ಮಸಾಲೆ ಪುಡಿಯವನು ಎಲ್ಲರೂ ಅವಳಿಗೆ ಉತ್ತರ ಕೊಟ್ಟಿದ್ದರು. ಪರಿಚಯವಿದ್ದೂ ಮಾತಾಡದವರು ಇಬ್ಬರೇ. ಒಬ್ಬರು ಕೆಲಸ ಕೊಟ್ಟವರು, ಇನ್ನೊಬ್ಬ ಮನೆಯಲ್ಲಿ ಎದುರು ಕೂತು ಉಣ್ಣುವವನು.

ನಾಲ್ಕನೆಯದು ಕೊನೆಯ ಮೇಲ್ ಆಗಬೇಕಿತ್ತು. ಮೂರು ಬೆಳಗಿನ ಜಾವ ಅದನ್ನು ಬರೆದು ಅಳಿಸಿದಳು. 'ಇನ್ನು ತೊಂದರೆ ಕೊಡುವುದಿಲ್ಲ' ಎಂದು ಬರೆಯಬೇಕಾದರೆ ಎದ್ದು ಹೋಗಲು ಒಂದು ದಾರಿ ಇರಬೇಕು. ಕದಿರಪ್ಪನಿಗೆ ಬರೆಯುವಾಗ ಇತ್ತು, ಅವನಿಲ್ಲದಿದ್ದರೆ ಇನ್ನೊಬ್ಬ. ಮುರಳಿಮೋಹನ್ ಅವರು 'ಆಗಲಮ್ಮ' ಎಂದುಬಿಟ್ಟರೆ ಅವಳು ಹೋಗುವುದೆಲ್ಲಿಗೆ? ಗಂಡನಿಗೆ 'ಇದೇ ಕೊನೆ' ಎಂದರೆ ಮಾರನೆಯ ದಿನ ಗ್ಯಾಸ್ ಬುಕ್ ಮಾಡುವವರು ಯಾರು? ಕೇಳುವುದನ್ನು ನಿಲ್ಲಿಸಿದರೆ ಮನೆಯ ಕೆಲಸವೇ ನಿಂತುಹೋಗುತ್ತದೆ. ಅದು ಎಲ್ಲರಿಗೂ ಗೊತ್ತಿರುವುದರಿಂದಲೇ ಯಾರೂ ಉತ್ತರ ಕೊಡುವುದಿಲ್ಲ.

ಮೇ ಕೊನೆಯ ವಾರ ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತವು. ಸೊಪ್ಪು ಕೊಯ್ಯುವ ಕೆಲಸವಿರಲಿಲ್ಲ. ಅವಳು ಹುಳುಗಳನ್ನು ಹರಡಿದ ಅಂಕಣದ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದಾಗ ಅನಿಲ್ ಫೋನು ಮಾಡಿದ.

"ಅಕ್ಕಾ, ಊಟ ಆಯ್ತಾ?"

"ಹನ್ನೊಂದು ಗಂಟೆಗೆ ಯಾವ ಊಟನೋ. ವಿಷ್ಯ ಹೇಳು."

"ಕುರುಡುಮಲೆ ಗಣಪನಾಣೆ ಅಕ್ಕಾ, ನಾನು ನಿನ್ ಹೆಸರು ಹೇಳ್ದೆ. ಸಾಹುಕಾರ್ರು ಅಂದ್ರು, ಗಂಗಾ ಮನೆಯಿಂದ್ಲೇ ಚೆನ್ನಾಗಿ ಮಾಡ್ತಾ ಅವ್ಳೆ, ಸುಮ್ನೆ ಬಸ್ಸಲ್ಲಿ ಯಾಕೆ ಅಲೀಬೇಕು ಅಂತ. ಅವರ ಭಾಮೈದನ ಮಗ ಶಿವಶಂಕರ್ ಅಂತ, ಡಿಗ್ರಿ ಆಗೈತೆ. ಸೋಮವಾರದಿಂದ ಅವ್ನೇ ಕೂತ್ಕೊತಾನೆ."

ಗಂಗಾಲಕ್ಷ್ಮಿ ಸುಣ್ಣದ ಬಟ್ಟಲನ್ನು ಕೆಳಗಿಟ್ಟಳು. "ಅವ್ನಿಗೆ ಮೇಲ್ ಬರೆಯೋಕೆ ಬರುತ್ತಾ?"

"ಬರೆಯೋಕೆ ನೀನಿದೀಯಲ್ಲಕ್ಕ" ಎಂದ ಅನಿಲ್, ಸಮಾಧಾನ ಹೇಳುವ ಧ್ವನಿಯಲ್ಲಿ. "ಶ್ರೀನಿವಾಸಪುರ ಯಲ್ದೂರು ಕಡೇದೆಲ್ಲ ಇನ್ಮೇಲೆ ಅವ್ನ ಹೆಸರಲ್ಲಿ ಹಾಕ್ಬೇಕಂತೆ. ಮುಳಬಾಗಿಲು ಕೋಲಾರ ನಂದೇ. ಕನ್‌ಫ್ಯೂಸ್ ಮಾಡ್ಕೋಬೇಡ."

"ಇಲ್ಲ, ಮಾಡ್ಕೊಳಲ್ಲ."

ಫೋನು ಇಟ್ಟಮೇಲೆ ಅಂಕಣದ ಅಂಚಿನಲ್ಲಿ ಒಂದು ಹುಳು ಕಣ್ಣಿಗೆ ಬಿತ್ತು. ಮಿಕ್ಕವುಗಳ ಹಾಗೆಯೇ ಅಲುಗದೆ ಇತ್ತು. ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ಸೀಮೆಸುಣ್ಣದ ಕಡ್ಡಿಯಂತೆ ಗಟ್ಟಿ. ಸುಣ್ಣಕಟ್ಟು ರೋಗ, ಸತ್ತು ಎರಡು ದಿನವಾಗಿರಬೇಕು. ಜ್ವರದ ಹುಳುವಿಗೂ ಇದಕ್ಕೂ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ. ಕಡ್ಡಿಯಿಂದ ಎತ್ತಿ, ಬೇರೆಯವಕ್ಕೆ ಅಂಟದ ಹಾಗೆ ಹೊರಗೆ ಒಯ್ದು ಸುಟ್ಟಳು. ಮೇವು ಹಾಕುತ್ತಾ ಕಾದಿದ್ದರೂ ಅದು ಏಳುತ್ತಿರಲಿಲ್ಲ ಎಂದು ಬೆಂಕಿಯ ಮುಂದೆ ಕೂತಾಗ ಅನ್ನಿಸಿತು. ರಾತ್ರಿ ಊಟಕ್ಕೆ ಕೂತ ಮುನೇಶ, "ಮಾಲೂರಿಂದ ಏನಾದ್ರೂ ಹೇಳಿದ್ರಾ?" ಎಂದು ಕೇಳಿದ. ಇಲ್ಲವಂತೆ ಎಂದಳು. "ನಾನ್ ಅವತ್ತೇ ಅಂದ್ಕೊಂಡೆ" ಎಂದು ಅವನು ಸಾರು ಹಾಕಿಸಿಕೊಂಡ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹೊರೆ ಇಳಿದು ಹಗುರಾದವನ ಹಾಗೆ ಮಾತ್ರ ಕೇಳಿಸಿತು.

ಮಾರನೆಯ ದಿನ ಮೂರೂ ಮುಕ್ಕಾಲಿಗೆ ಎದ್ದಳು. ಹಂಡೆ, ಅಂಗಳ, ಕೊಟ್ಟಿಗೆ, ಹಾಲು, ಅಕ್ಕಿ, ಮಾತ್ರೆ. ಹುಳುಮನೆಯ ಪರದೆ ಎತ್ತಿದರೆ ಮುಕ್ಕಾಲುಪಾಲು ಹುಳುಗಳು ಎದ್ದಿದ್ದವು. ಇನ್ನೊಂದು ಗಳಿಗೆ ಕಾಯಬೇಕು. ಕ್ರೇಟಿನ ಮೇಲೆ ಕೂತು ಫೋನು ತೆರೆದಳು. ಯಲ್ದೂರಿನಿಂದ ಮೇಲ್ ಬಂದಿತ್ತು, ನಾಲ್ಕೂ ಇಪ್ಪತ್ತಕ್ಕೆ.

'ಪೆಟ್ಟಿಗೆ ಚೆನ್ನಾಗಿವೆ. ಬೆರಳು ಕುಯ್ಯುತ್ತಿಲ್ಲ. ಮಾವು ಮುಗಿದ ಮೇಲೆ ಟೊಮ್ಯಾಟೊಗೂ ಬೇಕಾಗುತ್ತದೆ. ಅನಿಲ್ ಸಾರ್ ಬಂದಿದ್ದಾಗ ಮಡಿಸುವುದನ್ನು ಇನ್ನೊಮ್ಮೆ ತೋರಿಸಿ ಅಂದರೆ ಅವರಿಗೆ ಬರಲಿಲ್ಲ. ಈ ಕಾಗದಗಳನ್ನು ಬರೆಯುವವರು ಯಾರು? – ಕದಿರಪ್ಪ.'

ಅನಿಲ್‌ಕುಮಾರ್ ಆಗಿ ಬರೆದರೆ ಉತ್ತರ ಸುಲಭವಿತ್ತು. ನಾನೇ ಬರೆಯುವುದು, ಅಂದು ಅವಸರದಲ್ಲಿದ್ದೆ, ಶಿವಶಂಕರ್ ಎಂಬ ಹೊಸಬರು ಬಂದು ತೋರಿಸುತ್ತಾರೆ. ಹಾಗೆ ಬರೆದಳು. ಅನಿಲ್‌ಕುಮಾರ್ ಎಂದು ಹಾಕಿದಳು. ಒಂಬತ್ತು ಇಪ್ಪತ್ತಕ್ಕೆ ಗೊತ್ತುಮಾಡಲು ಬೆರಳು ತಾನಾಗಿ ಹೋಯಿತು, ಅಲ್ಲೇ ನಿಂತಿತು.

ಬೇರೆ ಬರೆದರೆ ಏನಾಗುತ್ತದೆ ಎಂದು ಗೊತ್ತಿತ್ತು. ನಕಲು ಮುರಳಿಮೋಹನ್ ಅವರಿಗೆ ಹೋಗುತ್ತದೆ. ಏಳು ಗಂಟೆಗೆ ಎದ್ದು ಹಾಸಿಗೆಯಲ್ಲೇ ಫೋನು ನೋಡುತ್ತಾರೆ. ಅವಳ ಮೂರು ಮೇಲಿಗೆ ಬಾರದ ಉತ್ತರ ಇದಕ್ಕೆ ಬರುತ್ತದೆ, ಇಂದೇ ಬರುತ್ತದೆ. ಈ ಕೆಲಸವೂ ಹೋಗಬಹುದು. ಹೋದರೆ ಮುನೇಶ, ಬೆಳಗಿನ ಜಾವ ಇನ್ನರ್ಧ ಗಂಟೆ ನಿದ್ದೆ ಮಾಡಬಹುದು ಬಿಡು, ಎನ್ನುತ್ತಾನೆ. ಅವನನ್ನು ಎಬ್ಬಿಸಿ ಕೇಳಬಹುದಿತ್ತು. ಅವನು ಏನು ಹೇಳುತ್ತಾನೆ ಎಂದು ಗೊತ್ತಿತ್ತು. ಒಳಗೆ ಅತ್ತೆ ಕೆಮ್ಮಿ ಮಗ್ಗುಲು ಬದಲಿಸಿದ್ದು ಕೇಳಿಸಿತು. ಅವಳನ್ನೂ ಕರೆಯಲಿಲ್ಲ.

ಬರೆದದ್ದನ್ನು ಅಳಿಸಿದಳು. ಮತ್ತೆ ಬರೆದಳು.

'ಬರೆಯುವವಳು ನಾನು, ಗಂಗಾಲಕ್ಷ್ಮಿ. ಹುತ್ತೂರಿನ ಹತ್ತಿರ ಮನೆಯಿಂದಲೇ ಬರೆಯುತ್ತೇನೆ. ಮಡಿಸುವುದನ್ನು ನಾನೇ ಬಂದು ತೋರಿಸುತ್ತೇನೆ, ಬರುವ ಗುರುವಾರ. ನಿಮ್ಮ ಹೆಸರೇನು?'

ಒಂದು ಮೇಲಿಗೆ ಒಂದೇ ಪ್ರಶ್ನೆ. ಓದಿ ನೋಡಿದಳು. ಹೊತ್ತು ಗೊತ್ತುಮಾಡುವ ಗುಂಡಿಯನ್ನು ಬಿಟ್ಟು, ಪಕ್ಕದಲ್ಲಿದ್ದುದನ್ನು ಒತ್ತಿದಳು. ನಾಲ್ಕು ಐವತ್ತೆರಡು ಎಂಬ ಅಂಕಿಯನ್ನು ಹೊತ್ತುಕೊಂಡೇ ಅದು ಹೋಯಿತು. ಇನ್ನು ವಾಪಸ್ಸು ಕರೆಯುವ ಹಾಗಿರಲಿಲ್ಲ.

ಫೋನನ್ನು ಕ್ರೇಟಿನ ಮೇಲೆ ಬೋರಲು ಇಟ್ಟು ಒಳಗೆ ಹೋದಳು. ಮಿಕ್ಕ ಹುಳುಗಳೂ ಎದ್ದು ತಲೆ ಆಡಿಸುತ್ತಿದ್ದವು. ನೆನೆದ ಗೋಣಿಯ ಕೆಳಗಿಂದ ಹಿಂದಿನ ಸಂಜೆ ಕೊಯ್ದಿಟ್ಟ ಸೊಪ್ಪಿನ ಕಟ್ಟು ಎಳೆದು, ಬಾಗಿಲ ಕಡೆಯ ಅಂಕಣದಿಂದ ಹಾಕುತ್ತಾ ಬಂದಳು.